ಓದಿಸಿದ ಹೆಸರು, ಓದದ ಹೆಸರು

ನನ್ನ ಬಾಲ್ಯದ ಮಂಡಿಕಲ್ಲಿನಲ್ಲಿ ನಾಟಕ ನಡೆಯಲಿದೆಯೆಂಬ ವಾರ್ತೆ ಕಣ್ಣಿನಿಂದ ಓದಿ ತಿಳಿಯತಕ್ಕದ್ದಾಗಿರಲಿಲ್ಲ. ಸಂಜೆ ದನಕರು ಕೊಟ್ಟಿಗೆಗೆ ತಿರುಗುವ ಹೊತ್ತಿಗೆ, ಒಲೆಯ ಹೊಗೆ ಹೆಂಚಿನ ಸಂದಿನಿಂದ ಹೊರಟು ಬೀದಿಯ ಮೇಲೆ ತೆಳುವಾಗಿ ಹರಡಿಕೊಳ್ಳುತ್ತಿರುವಾಗ, ದೂರದಲ್ಲೆಲ್ಲೋ ತಮಟೆಯ ಸದ್ದು ಎದ್ದು, ಸಮೀಪಿಸಿ, ನಮ್ಮ ಜಗುಲಿಯ ಮುಂದೆ ಒಂದು ನಿಮಿಷ ನಿಂತು, 'ಕೇಳ್ರಪ್ಪೋ ಕೇಳ್ರಿ, ನಾಳೆ ರಾತ್ರಿಗೆ ನಾಟಕ' ಎಂದು ಕನ್ನಡದಲ್ಲೊಮ್ಮೆಯೂ ಅದನ್ನೇ ತೆಲುಗಿನಲ್ಲಿ ಇನ್ನೊಮ್ಮೆಯೂ ಸಾರಿ ಮುಂದಿನ ಬೀದಿಗೆ ಹೊರಟುಹೋಗುತ್ತಿದ್ದಿತು. ಆ ಎರಡು ಭಾಷೆಗಳ ನಡುವೆ ತಮಟೆಗೆ ಬೀಳುತ್ತಿದ್ದ ನಾಲ್ಕೈದು ಪೆಟ್ಟುಗಳೇ ನಮ್ಮ ಪಾಲಿನ ಪೂರ್ಣವಿರಾಮ. ಸಾರುವವನು ನಾಟಕದ ಹೆಸರನ್ನು ಹೇಳಿಯಾನು, ಮರೆತಾನು; ಆದರೆ ಚಾಪೆಯನ್ನು ನೀವೇ ತರಬೇಕೆಂಬುದನ್ನು ಮಾತ್ರ ಅವನು ಒಮ್ಮೆಯೂ ಮರೆತವನಲ್ಲ.

ನಮ್ಮ ಸೀಮೆಯನ್ನು ಅರಿಯದವರಿಗೆ ಈ ಎರಡು ಭಾಷೆಯ ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಚಿಕ್ಕಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರವಾದ ಮಂಡಿಕಲ್ ಅಂದು ಕೋಲಾರ ಜಿಲ್ಲೆಗೆ ಸೇರಿದ್ದಿತು. ಮನೆಯೊಳಗೆ ತೆಲುಗು, ಶಾಲೆಯೊಳಗೆ ಕನ್ನಡ, ಜಗುಲಿಯ ಮೇಲೆ ಯಾವುದು ಮೊದಲು ಬಾಯಿಗೆ ಬಂದರೆ ಅದು ಎಂಬ ಪದ್ಧತಿಯಲ್ಲಿ ಬೆಳೆದವರು ನಾವು. ಕೈವಾರದ ತಾತಯ್ಯನವರು ಇವೆರಡರಲ್ಲಿಯೂ ಹಾಡಿಟ್ಟ ನಾಡಿನಲ್ಲಿ ಇದರಿಂದ ಯಾರಿಗೂ ಇಕ್ಕಟ್ಟಾದುದನ್ನು ನಾನು ಕಾಣೆ. ನಾಟಕಕ್ಕೂ ಇದೇ ನ್ಯಾಯ. ಒಂದು ವರ್ಷ ಕನ್ನಡದ 'ಕುರುಕ್ಷೇತ್ರ'ವಾದರೆ, ಮರುವರ್ಷ ತಿರುಪತಿ ವೆಂಕಟ ಕವಿಗಳ ಪಾಂಡವರ ನಾಟಕವೋ ಬಲಿಜೇಪಲ್ಲಿಯವರ ಹರಿಶ್ಚಂದ್ರನೋ ತೆಲುಗಿನಲ್ಲಿ ಬರುತ್ತಿದ್ದಿತು. ಕೃಷ್ಣನ ಪಾತ್ರಧಾರಿ ಮಾತ್ರ ಎರಡರಲ್ಲಿಯೂ ಒಬ್ಬನೇ, ಅವನ ಶ್ರುತಿಯೂ ಒಂದೇ. ಇವಕ್ಕಿಂತ ಹಿರಿದಾದದ್ದು, ಭಾಗವತನನ್ನು ಮುಂದಿಟ್ಟುಕೊಂಡು ರಾತ್ರಿಯೆಲ್ಲ ಬಯಲಿನಲ್ಲಿ ನಡೆಯುತ್ತಿದ್ದ ಕೇಳಿಕೆ. ಅದನ್ನು ನಮ್ಮ ತಾತನ ತಲೆಮಾರಿನವರು ನಾಟಕಕ್ಕಿಂತ ಮೇಲೆಂದು ಎಣಿಸುತ್ತಿದ್ದರು. ಪರದೆ ಕಟ್ಟಿದ ಮೇಲೆ ಆಟ ಕೆಟ್ಟಿತೆಂಬುದು ಅವರ ತೀರ್ಮಾನವಾಗಿದ್ದಿತು.

ಸಂಕ್ರಾಂತಿ ಮುಗಿದು ಕಣದ ರಾಗಿ ಮನೆ ಸೇರಿದ ಮೇಲೆ ನಾಟಕದ ಮೇಷ್ಟ್ರು ತಮ್ಮ ಕಾಲು ಹಾರ್ಮೋನಿಯಮ್ಮನ್ನು ಎತ್ತಿನ ಗಾಡಿಯಲ್ಲಿ ಹೊರಿಸಿಕೊಂಡು ಬಂದಿಳಿಯುತ್ತಿದ್ದರು. ಅಂದಿನಿಂದ ಎರಡು ಮೂರು ತಿಂಗಳು ಅವರಿಗೆ ಊಟ ಸರದಿಯ ಮೇಲೆ ಮನೆಮನೆಗಳಲ್ಲಿ. ತಾಲೀಮು ರಾತ್ರಿ ಒಂಬತ್ತರಿಂದ ಮೊದಲಾಗಿ ಕೋಳಿ ಕೂಗುವ ತನಕ. ಓದು ಬಾರದ ದುರ್ಯೋಧನನಿಗೆ ಇನ್ನೂರು ಪದ್ಯಗಳನ್ನು ಕಿವಿಯಿಂದ ತುಂಬಿಸುವುದು ಎಂಥ ಪ್ರಯಾಸವೆಂಬುದನ್ನು ಆ ಮೇಷ್ಟ್ರ ಪಕ್ಕದಲ್ಲಿ ಪುಸ್ತಕ ಹಿಡಿದು ಕುಳಿತ ನಾನು ಬಲ್ಲೆ. ಹಗಲು ನೇಗಿಲು ಹಿಡಿದ ಕೈ ರಾತ್ರಿ ಗದೆ ಹಿಡಿಯಬೇಕು. ಎತ್ತನ್ನು ಗದರಿಸಿದ ಗಂಟಲು ರಾಗ ಎತ್ತಬೇಕು. ಪರದೆ, ಕಿರೀಟ, ಭುಜಕೀರ್ತಿಗಳು ಬಾಡಿಗೆಗೆ ಬರಬೇಕು. ದ್ರೌಪದಿಯನ್ನು ಮುಂಗಡ ಕೊಟ್ಟು ಹೊರಗಿನಿಂದ ಕರೆಸಬೇಕು. ಗ್ಯಾಸ್ ಲೈಟಿನವನಿಗೆ ಬೇರೆ ಕೊಡಬೇಕು. ಇಷ್ಟೆಲ್ಲಕ್ಕೂ ಪಾತ್ರಧಾರಿಗಳೇ ಪಾತ್ರದ ತೂಕಕ್ಕೆ ತಕ್ಕಂತೆ ಹಣ ಹಾಕಬೇಕಾಗಿದ್ದುದರಿಂದ, ಕೃಷ್ಣನಾಗಬಯಸುವವನಿಗೆ ಕಂಠಕ್ಕಿಂತ ಮೊದಲು ಕಡಲೆಕಾಯಿಯ ಬೆಳೆ ಚೆನ್ನಾಗಿರಬೇಕಾಗುತ್ತಿದ್ದಿತು. ಈಚೆಗೆ ಸಂಘಗಳನ್ನು ನೋಂದಾಯಿಸುವಾಗ 'ಲಾಭಾಪೇಕ್ಷೆಯಿಲ್ಲದ' ಎಂಬ ವಿಶೇಷಣವನ್ನು ಗಾಂಭೀರ್ಯದಿಂದ ಬರೆಯುವುದನ್ನು ಕಂಡಾಗಲೆಲ್ಲ ನನಗೆ ನಗು ಬರುವುದುಂಟು. ನಮ್ಮೂರ ತಂಡಕ್ಕೆ ಹೆಸರೂ ಇರಲಿಲ್ಲ, ನೋಂದಣಿಯೂ ಇರಲಿಲ್ಲ; ಲಾಭವನ್ನು ಅಪೇಕ್ಷಿಸುವಷ್ಟು ಅವಿವೇಕಿಗಳೂ ಅಲ್ಲಿ ಇರಲಿಲ್ಲ. ನಷ್ಟ ಎಷ್ಟರಲ್ಲಿ ನಿಂತೀತೆಂಬುದೊಂದೇ ಚರ್ಚೆಯ ವಿಷಯ.

ಆ ನಷ್ಟವನ್ನು ತಡೆಯಲು ಇದ್ದ ಉಪಾಯವೆಂದರೆ ಮುಯ್ಯಿ ಓದಿಸುವುದು. ನೆಂಟರು, ಪಕ್ಕದ ಊರಿನವರು, ಸಾಲ ಕೊಟ್ಟವರು, ಸಾಲ ತೀರಿಸಬೇಕಾದವರು, ಎಲ್ಲರೂ ನಾಟಕದ ನಡುವೆ ತಮಗೆ ಬೇಕಾದ ಪಾತ್ರಧಾರಿಗೆ ಹಣ ಮುಯ್ಯಿ ಮಾಡುವರು. ಕೊಟ್ಟವರ ಊರು, ಹೆಸರು, ಮೊತ್ತ, ಯಾವ ಪಾತ್ರಕ್ಕೆ ಎಂಬುದನ್ನು ರಂಗದ ಅಂಚಿನಲ್ಲಿ ನಿಂತು ಗಟ್ಟಿಯಾಗಿ ಓದಬೇಕು. ಯುದ್ಧಕ್ಕೆ ಹೊರಟ ಭೀಮ ಅರ್ಧ ಹೆಜ್ಜೆಯಲ್ಲಿ ನಿಂತು, ಓದು ಮುಗಿದ ಮೇಲೆ ಕೈಮುಗಿದು, ಅನಂತರ ಮಿಕ್ಕರ್ಧ ಹೆಜ್ಜೆಯನ್ನು ಇಡುವನು. ಪಟ್ಟಣದ ರಸಿಕರು ಇದನ್ನು ರಸಭಂಗವೆಂದು ಹಳಿದುದನ್ನು ಕೇಳಿದ್ದೇನೆ. ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಆ ರಾತ್ರಿ ಊರಿನ ಎಲ್ಲ ಸಂಬಂಧಗಳೂ ಹೆಸರು ಹಿಡಿದು ಕರೆಸಿಕೊಳ್ಳುತ್ತಿದ್ದುವು. ಯಾರ ಮಗಳು ಯಾವ ಊರಿಗೆ ಹೋದಳು, ಯಾವ ಅಣ್ಣತಮ್ಮಂದಿರಿಗೆ ರಾಜಿಯಾಯಿತು, ಯಾರಿಗೆ ಆ ವರ್ಷ ರೇಷ್ಮೆಗೂಡು ಕೈಹಿಡಿಯಿತು, ಇವೆಲ್ಲವೂ ಆ ಓದಿನಿಂದ ತಿಳಿಯುತ್ತಿದ್ದುವು. ನಮ್ಮ ಸೀಮೆಗೆ ಅದೊಂದು ವಾರ್ಷಿಕ ವೃತ್ತಾಂತಪತ್ರಿಕೆ. ನಾಟಕ ಅದರ ಹೊದಿಕೆ.

ಆ ಪತ್ರಿಕೆಯ ಓದುಗನ ಹುದ್ದೆ 1958ರ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂದಿತು. ಎರಡೂ ಲಿಪಿಗಳನ್ನು ಬಲ್ಲ ಹುಡುಗ, ಗಂಟಲು ಒಡೆದಿಲ್ಲ, ಧ್ವನಿವರ್ಧಕ ಊರಿಗಿನ್ನೂ ಬಂದಿಲ್ಲ. ಇಷ್ಟೇ ನನ್ನ ಅರ್ಹತೆ. ನಡುಬಗ್ಗಿಸಿ ಬರೆಯಲು ಒಂದು ಉದ್ದನೆಯ ಲೆಕ್ಕದ ಪುಸ್ತಕ, ಹಣ ಹಾಕಲು ಒಂದು ಹಿತ್ತಾಳೆಯ ತಟ್ಟೆ. ಅದರ ಹಿಂದಿನ ವರ್ಷ, 1957ರ ಏಪ್ರಿಲ್‌ನಲ್ಲಿ, ಸರ್ಕಾರ ದಶಮಾಂಶದ ನಾಣ್ಯವನ್ನು ಜಾರಿಗೆ ತಂದಿದ್ದಿತು. ಶಾಲೆಯಲ್ಲಿ ಅದನ್ನು ನಮಗೆ ಹೊಸತಾಗಿ ಕಲಿಸಿದ್ದರು. ವಿದ್ಯೆಯ ಮದದಿಂದ ನಾನು ಯಾರೋ ಹಿರಿಯರು ಕೊಟ್ಟ ಎಂಟಾಣೆಯನ್ನು 'ಐವತ್ತು ನಯೇಪೈಸೆ' ಎಂದು ಸ್ಪಷ್ಟವಾಗಿ ಓದಿದೆನು. ಆ ಮಹನೀಯರು ಜನರ ನಡುವಿನಿಂದ ಎದ್ದು ನಿಂತು, 'ಲೋ ಹುಡುಗ, ನಾನು ಕೊಟ್ಟಿದ್ದು ಎಂಟಾಣೆ ಕಣೋ, ಪೈಸೆ ಗೀಸೆ ಅಂತ ನನ್ನ ಮಾನ ತೆಗೀಬೇಡ' ಎಂದು ಗುಡುಗಿದರು. ಐವತ್ತು ಪೈಸೆಯೂ ಎಂಟಾಣೆಯೂ ಒಂದೇ ಎಂದು ಸಾಧಿಸಲು ಹೊರಟ ನನ್ನನ್ನು, ಆಗತಾನೆ ಸಂಧಾನಕ್ಕೆ ಬಂದಿದ್ದ ಶ್ರೀಕೃಷ್ಣನೇ ತೋಳು ಹಿಡಿದು ಸುಮ್ಮನಿರಿಸಿ, 'ಎಂಟಾಣೆ ಅಂತ ಇನ್ನೊಂದ್ಸಲ ಓದಪ್ಪಾ' ಎಂದು ಬೇಡಿಕೊಂಡನು. ಕೌರವರೊಡನೆ ಸಾಧ್ಯವಾಗದ ಸಂಧಾನ ಅಲ್ಲಿ ಸಾಧ್ಯವಾಯಿತು.

ಇದನ್ನು ಇಷ್ಟು ಸಲ ಹೇಳಿ ನಗಿಸಿದ್ದೇನೆಂದರೆ, ಅದೇ ರಾತ್ರಿಯ ಇನ್ನೊಂದು ಸಂಗತಿಯನ್ನು ಹೇಳದೆ ಉಳಿಯುವುದಕ್ಕೆ ಈ ನಗೆ ನನಗೆ ಬಹುಕಾಲ ಮರೆಯಾಗಿ ಒದಗಿದೆ.

ನಾಟಕದ ಸುದ್ದಿಯನ್ನು ಮಂಡಿಕಲ್ಲಿಗೂ ಸುತ್ತಣ ಹಳ್ಳಿಗಳಿಗೂ ಸಾರಿದವನು, ಅಂದಿನವರು ಹರಿಜನ ಕೇರಿಯೆನ್ನುತ್ತಿದ್ದ ಊರಂಚಿನ ಮನೆಗಳವನು. ಎಲ್ಲರನ್ನೂ ನಾಟಕಕ್ಕೆ ಕರೆದ ಅವನಿಗೆ ಚಾಪೆ ಹಾಸಲು ಬಯಲಿನಲ್ಲಿ ಬೇರೆಯ ಜಾಗ. ಅಲ್ಲಿಂದ ಗ್ಯಾಸ್ ಲೈಟಿನ ಬೆಳಕು ಕಾಣಿಸುತ್ತಿದ್ದಿತು, ಮುಖಗಳು ಕಾಣಿಸುತ್ತಿರಲಿಲ್ಲ. ಕರ್ಣನ ಪ್ರವೇಶವಾಗಿ ಸ್ವಲ್ಪ ಹೊತ್ತಿಗೆ ಒಬ್ಬ ಚಿಕ್ಕ ಹುಡುಗ ಕತ್ತಲೆಯಿಂದ ಓಡಿ ಬಂದು ನನ್ನ ಮುಂದೆ ನಾಲ್ಕಾಣೆಯನ್ನಿಟ್ಟು, ಕೊಟ್ಟವನ ಹೆಸರನ್ನೂ ಕರ್ಣನ ಪಾತ್ರಕ್ಕೆ ಎಂಬುದನ್ನೂ ಒಂದೇ ಉಸಿರಿಗೆ ಹೇಳಿ ಓಡಿಹೋದನು. ನಾನು ಬಾಯಿ ತೆರೆದಿದ್ದೆನು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೈಯನ್ನು ಮೆಲ್ಲಗೆ ಅಡ್ಡ ತಂದು, 'ಇರಲಿ, ಆಮೇಲೆ ಓದಿದರಾಯ್ತು' ಎಂದರು. ಗದರಿಸಲಿಲ್ಲ, ಕಾರಣ ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಹದಿನಾಲ್ಕು ವರ್ಷದ ಹುಡುಗನಿಗೆ ಕಾರಣ ಗೊತ್ತಿರಲಿಲ್ಲವೆಂದರೆ ಅದು ಸುಳ್ಳಾದೀತು. ನಾಣ್ಯ ತಟ್ಟೆಗೆ ಬಿದ್ದಿತು, ಹೆಸರು ಪುಸ್ತಕಕ್ಕೆ ಬೀಳಲಿಲ್ಲ. ಬೆಳಗಿನ ಜಾವ ಕರ್ಣ ಸತ್ತನು, ದುರ್ಯೋಧನ ಸತ್ತನು, ಮಂಗಳಾರತಿಯಾಯಿತು; 'ಆಮೇಲೆ' ಎಂಬುದು ಬರಲೇ ಇಲ್ಲ. ತಟ್ಟೆಯನ್ನು ಎಣಿಸಿದಾಗ ಪುಸ್ತಕದ ಮೊತ್ತಕ್ಕಿಂತ ನಾಲ್ಕಾಣೆ ಹೆಚ್ಚಾಗಿ ಬಂದಿತು. ಪ್ರತಿವರ್ಷ ಕಡಿಮೆ ಬೀಳುತ್ತಿದ್ದ ಲೆಕ್ಕ ಈ ಸಲ ಹೆಚ್ಚಾಗಿದೆಯೆಂದು ಎಲ್ಲರೂ ಹರ್ಷಪಟ್ಟರು. ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು.

ಅನಂತರ ನಾನು ಉಪಾಧ್ಯಾಯನಾದೆನು. ಹಲವು ಊರುಗಳ ನೀರು ಕುಡಿದೆನು. ಆ ಪುಸ್ತಕ ತಾಯಿಯ ಪೆಟ್ಟಿಗೆಯ ತಳ ಸೇರಿತು. ಊರಿನಲ್ಲಿ ನಾಟಕಗಳು ವಿರಳವಾದುವು. ಇದಕ್ಕೆ ಚಲನಚಿತ್ರವನ್ನು ದೂರುವುದು ವಾಡಿಕೆ. ನನಗೆ ತೋರುವಂತೆ ಕೆರೆಗಳು ಒಣಗಿದುದೂ ಕೊಳವೆಬಾವಿಯ ಸಾಲವೂ ಅದಕ್ಕಿಂತ ಹೆಚ್ಚಿನ ಕಾರಣಗಳು. ಬೆಳೆ ಕೈಗೆ ಬಾರದ ವರ್ಷ ಯಾರೂ ಕೃಷ್ಣರಾಗುವುದಿಲ್ಲ.

1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದ ವಾರ್ತೆಯನ್ನು ಓದಿದಾಗ ಸಂತೋಷದೊಡನೆ ನನಗೊಂದು ಸಂದೇಹವೂ ಉಂಟಾಯಿತು. ಪ್ರಶಸ್ತಿಯನ್ನು ಅವರಿಗೆ ಕೊಟ್ಟುದು ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳ ವಿಭಾಗದಲ್ಲಿ. ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆತೋಟ ನೋಡಿಕೊಂಡು ನಾಟಕ ಕಟ್ಟುವ ಗೃಹಸ್ಥರನ್ನು ಪತ್ರಿಕೆಯವರ ಪಂಕ್ತಿಯಲ್ಲಿ ಕೂರಿಸುವುದೇಕೆಂದು ಯೋಚಿಸುತ್ತಿದ್ದವನಿಗೆ, ಮೂವತ್ತಮೂರು ವರ್ಷಗಳ ಹಿಂದಿನ ತಮಟೆಯ ಸದ್ದು ಕಿವಿಯಲ್ಲಿ ಎದ್ದಿತು. ನಾಟಕವೆಂಬುದು ಊರಿಗೆ ಊರಿನ ಸುದ್ದಿಯನ್ನು ಹೇಳುವ ಏರ್ಪಾಡೆಂಬುದನ್ನು ಪ್ರಶಸ್ತಿ ಕೊಟ್ಟ ಮನಿಲಾದ ಪಂಡಿತರು ಬಲ್ಲರೆಂದಾಯಿತು! ಹೋಗಿ ನೋಡಬೇಕೆನಿಸಿತು. ಅದಾದ ಒಂದೆರಡು ವರ್ಷಕ್ಕೆ, ಅಕ್ಟೋಬರ್ ತಿಂಗಳಲ್ಲಿ ಅಲ್ಲಿ ನಡೆಯುವ ಸಂಸ್ಕೃತಿ ಶಿಬಿರಕ್ಕೆ ಹೊರಟೆನು.

ಬಯಲುಸೀಮೆಯ ಕಣ್ಣಿಗೆ ಮಲೆನಾಡಿನ ಹಸಿರು ಮೊದಲ ದಿನ ಹಬ್ಬ, ಮೂರನೆಯ ದಿನ ಉಸಿರುಕಟ್ಟು. ಆ ವರ್ಣನೆಯನ್ನು ಬೇರೆಯವರು ಚೆನ್ನಾಗಿ ಮಾಡಿದ್ದಾರೆ. ನಾನು ನೋಡಬಂದದ್ದು ನೀಲಕಂಠೇಶ್ವರ ನಾಟ್ಯಸೇವಾ ಸಂಘವನ್ನು. ಗ್ರಾಮದೇವರ ಹೆಸರನ್ನು ಹೊತ್ತು 1949ರಲ್ಲಿ ಹುಟ್ಟಿದ ಈ ಸಂಘವೂ ಮೊದಲಿಗೆ ನಮ್ಮದರಂತೆಯೇ ಊರ ಹುಡುಗರ ಹವ್ಯಾಸದ ಕೂಟ. ಮೊದಲಕ್ಷರಗಳು ಕೂಡಿ 'ನೀನಾಸಮ್' ಆದುದು ಆಮೇಲಿನ ಕಥೆ. 1972ರಲ್ಲಿ ಅವರು ಶಿವರಾಮ ಕಾರಂತರ ಹೆಸರಿನ ರಂಗಮಂದಿರವನ್ನು ಕಟ್ಟಿದರು. ಮರುವರ್ಷ ಚಿತ್ರಸಮಾಜವನ್ನು ಮಾಡಿ ಸತ್ಯಜಿತ್ ರಾಯರನ್ನೂ ಜಪಾನಿನ ಕುರೊಸಾವನನ್ನೂ ಹಳ್ಳಿಗರ ಮುಂದಿಟ್ಟರು. 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ಊರೂರು ತಿರುಗುವ 'ತಿರುಗಾಟ'ವನ್ನೂ ಆರಂಭಿಸಿದರು. ನಡುವೆ ಫೋರ್ಡ್ ಪ್ರತಿಷ್ಠಾನದ ಧನಸಹಾಯದಿಂದ 'ಜನಸ್ಪಂದನ'ವೆಂಬ ಹೆಸರಿನಲ್ಲಿ ನಾಡಿನ ಹಲವು ಹಳ್ಳಿಗಳಿಗೆ ಶಿಬಿರಗಳನ್ನೂ ಚಲನಚಿತ್ರಗಳನ್ನೂ ಕೊಂಡೊಯ್ದರು. ಪರದೇಶದ ಹಣವೆಂದು ಮೂಗು ಮುರಿದವರುಂಟು. ದ್ರೌಪದಿಗೆ ಮುಂಗಡ ಕೊಡಲು ಬಡ್ಡಿಗೆ ತಂದ ಹಣವನ್ನು ಕಂಡವನಾದ ನಾನು ಆ ಗುಂಪಿಗೆ ಸೇರಲಾರೆ.

ಆದರೆ ನನ್ನ ಮನಸ್ಸು ನಿಂತದ್ದು ಈ ಕಟ್ಟಡಗಳ ಮುಂದೆಯೂ ಅಲ್ಲ, ಇಸವಿಗಳ ಮುಂದೆಯೂ ಅಲ್ಲ. ಹಗಲೆಲ್ಲ ವಿದ್ವಾಂಸರ ಉಪನ್ಯಾಸ, ವಾದ, ಪ್ರತಿವಾದ. ಸಂಜೆಯಾಗುತ್ತಲೇ ಸುತ್ತಣ ಊರಿನವರು, ತೋಟದ ಕೆಲಸ ಮುಗಿಸಿ, ಕೈಯಲ್ಲಿ ಬ್ಯಾಟರಿ ಹಿಡಿದು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ರಂಗಮಂದಿರಕ್ಕೆ ಬಂದರು. ಬೆಳಗ್ಗೆ ನಮಗೆ ಊಟದ ಸಾಲಿನಲ್ಲಿ ಬಡಿಸಿದವರು ರಾತ್ರಿ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು, ನಾಟಕ ಮುಗಿದ ಮೇಲೆ, ಎರಡನೆಯ ಅಂಕ ಸ್ವಲ್ಪ ಎಳೆಯಿತೆಂದು ತಮ್ಮ ಅಭಿಪ್ರಾಯವನ್ನು ತಿಳಿಸಿದರು. ಎಳೆದದ್ದು ನಿಜ; ನಾನು ಸಂಕೋಚದಿಂದ ಹೇಳದೆ ಇದ್ದೆನು. ಸುಬ್ಬಣ್ಣನವರು ಸಭೆಯ ಒಂದು ಅಂಚಿನಲ್ಲಿ, ಊರಿನ ಯಾವುದೋ ಮದುವೆಗೆ ಬಂದ ಹಿರಿಯರಂತೆ, ಕೇಳುತ್ತ ಕುಳಿತಿದ್ದರು. ಅವರೊಡನೆ ಮಾತನಾಡಬೇಕೆಂದು ಆರು ದಿನ ಅಂದುಕೊಂಡು ಏಳನೆಯ ದಿನ ಹೊರಟುಬಂದೆನು.

ಬರುವಾಗ 'ಮಾತುಕತೆ'ಗೆ ಚಂದಾ ಕೊಟ್ಟು ಬಂದಿದ್ದೆನು. ಮೂರು ತಿಂಗಳಿಗೊಮ್ಮೆ ಸಂಘದವರು ಹೊರಡಿಸುವ ತೆಳ್ಳನೆಯ ಪತ್ರಿಕೆ ಅದು. ರಂಗಭೂಮಿಯನ್ನೂ ಸಮಾಜವನ್ನೂ ಕುರಿತ ಲೇಖನಗಳೊಡನೆ ಅಲ್ಲಿನ ಚಟುವಟಿಕೆಗಳ ವರದಿ ಇರುವುದು. ನಿವೃತ್ತನಾಗಿ ಮಂಡಿಕಲ್ಲಿಗೆ ಹಿಂದಿರುಗಿದ ಮೇಲೆ ಅಂಚೆಯವನು ಅದನ್ನು ನನ್ನ ಜಗುಲಿಯ ಮೇಲೆ, ತಮಟೆ ಹಿಂದೊಮ್ಮೆ ನಿಲ್ಲುತ್ತಿದ್ದ ಅದೇ ಜಾಗದಲ್ಲಿ, ಹಾಕಿಹೋಗುತ್ತಿದ್ದನು. ಲೇಖನಗಳನ್ನು ನಾಳೆಗಿಟ್ಟು, ನಾನು ಮೊದಲು ಓದುತ್ತಿದ್ದುದು ವರದಿಯನ್ನು: ಯಾವ ಊರಿನಲ್ಲಿ ಯಾವ ನಾಟಕ, ಎಲ್ಲಿ ಶಿಬಿರ. ಪ್ರಾಯಶಃ ಮುಯ್ಯಿಪುಸ್ತಕದ ಚಟ. ತಿರುಗಾಟದ ನಟರು ತಾವೇ ರಂಗಸಜ್ಜಿಕೆಯನ್ನು ಇಳಿಸಿ, ತಾವೇ ದೀಪಗಳನ್ನು ಕಟ್ಟಿ, ಆಡಿ, ಬಿಚ್ಚಿ, ಮತ್ತೆ ಗಾಡಿ ಹತ್ತುವ ಕ್ರಮವನ್ನು ನಾನು ಕಂಡಿದ್ದೆನು, ಪು.ತಿ.ನ. ಅವರ 'ಗೋಕುಲ ನಿರ್ಗಮನ'ವನ್ನು ಬಿ.ವಿ. ಕಾರಂತರ ನಿರ್ದೇಶನದಲ್ಲಿ ಅವರಾಡಿದ್ದನ್ನು ಬೆಂಗಳೂರಿನಲ್ಲಿ ನೋಡಿ, ರಾತ್ರಿಯ ಕೊನೆಯ ಬಸ್ಸು ತಪ್ಪಿ, ಮೆಜೆಸ್ಟಿಕ್ಕಿನ ಬೆಂಚಿನ ಮೇಲೆ ಬೆಳಗು ಮಾಡಿದ್ದೆನು. ಆ ಗೋಕುಲ ತೊರೆದ ಕೃಷ್ಣನಿಗೂ ಎಂಟಾಣೆಗಾಗಿ ನನ್ನನ್ನು ಬೇಡಿದ ಕೃಷ್ಣನಿಗೂ ಹೋಲಿಕೆಯಿಲ್ಲ. ಇಬ್ಬರೂ ನನಗೆ ಬೇಕು.

ಮಂಡಿಕಲ್ಲಿಗೂ ಒಂದು ಹೆಗ್ಗೋಡು ಆಗಬೇಕೆಂದು ಉತ್ಸಾಹಿಗಳಾದ ಯುವಕರು ಒಮ್ಮೆ ನನ್ನಲ್ಲಿಗೆ ಬಂದಿದ್ದರು. ಆಗದೆಂದು ಹೇಳಿದೆನು. ಅಡಿಕೆಯ ನೆಲದಲ್ಲಿ ಬೆಳೆದುದನ್ನು ರಾಗಿಯ ನೆಲಕ್ಕೆ ಕಿತ್ತು ತಂದು ನೆಡಲಾಗದು. ಅಲ್ಲಿಯ ಒಂದೇ ಭಾಷೆಯ ನೆಮ್ಮದಿ ನಮಗಿಲ್ಲ, ನಮ್ಮ ಎರಡು ಭಾಷೆಯ ಸಂಪತ್ತು ಅವರಿಗಿಲ್ಲ. ನಮ್ಮ ಹಳೆಯ ಜಿಲ್ಲೆಯಲ್ಲಿ ನಮ್ಮ ಮಣ್ಣಿನಿಂದಲೇ ಎದ್ದುದನ್ನು ನೋಡಬೇಕಾದರೆ ಕೋಲಾರದ ಅಂತರಗಂಗೆಯ ಬೆಟ್ಟವನ್ನೇರಿ ಎಂದೆನು. ಅಲ್ಲಿ ಕೋಟಿಗಾನಹಳ್ಳಿ ರಾಮಯ್ಯನವರೂ ಗೆಳೆಯರೂ ಕೂಡಿ ಕಟ್ಟಿದ 'ಆದಿಮ'ದಲ್ಲಿ ಹುಣ್ಣಿಮೆಯ ರಾತ್ರಿ ಹಾಡೂ ನಾಟಕವೂ ನಡೆಯುತ್ತವೆ. ಬಂಡೆಗಳ ನಡುವೆ, ತಿಂಗಳ ಬೆಳಕಿನಲ್ಲಿ ಕುಳಿತುಕೊಳ್ಳುವ ಆ ಸಭೆಯಲ್ಲಿ ತಮಟೆಯ ಕೇರಿಯವರಿಗೆ ಪ್ರತ್ಯೇಕವಾದ ಜಾಗವಿಲ್ಲ, ಕಟ್ಟಿದವರೇ ಅವರು. ಗ್ಯಾಸ್ ಲೈಟಿನ ಬೆಳಕು ಎಷ್ಟು ದೂರ ಹೋಗುತ್ತಿದ್ದಿತೆಂಬುದನ್ನು ಬಲ್ಲ ನನಗೆ, ಆ ಬೆಳದಿಂಗಳು ಎಲ್ಲರ ಮುಖದ ಮೇಲೂ ಸಮನಾಗಿ ಬಿದ್ದುದನ್ನು ಕಂಡಾಗ, ಬೆಟ್ಟವಿಳಿಯುವ ತನಕ ಮಾತು ಹೊರಡಲಿಲ್ಲ.

2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತು. 2023ರಲ್ಲಿ ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ಬಾರಿಸಿದ್ದಕ್ಕಾಗಿ ಪದ್ಮಶ್ರೀ ಬಂದಿತು. ದೆಹಲಿಯಲ್ಲಿ ರಾಷ್ಟ್ರಪತಿಗಳ ಸಮ್ಮುಖದಲ್ಲಿ ಅವರ ಹೆಸರನ್ನು ಗಟ್ಟಿಯಾಗಿ ಓದಿದುದನ್ನು ಮೊಮ್ಮಗಳ ಮೊಬೈಲಿನಲ್ಲಿ ನೋಡಿದ ದಿನ, ತಾಯಿಯ ಪೆಟ್ಟಿಗೆಯನ್ನು ತೆಗೆಸಿ ಆ ಪುಸ್ತಕವನ್ನು ಹೊರಗೆ ತೆಗೆದೆನು. ಗೆದ್ದಲು ಅಂಚನ್ನಷ್ಟೇ ತಿಂದಿದ್ದಿತು. ಕೊನೆಯ ಪುಟದಲ್ಲಿ, ಮೊತ್ತದ ಕೆಳಗೆ, ನನ್ನ ಹುಡುಗತನದ ದುಂಡು ಅಕ್ಷರಗಳಲ್ಲಿ, 'ಹೆಚ್ಚಿಗೆ ಬಂದದ್ದು 25 ನಯೇಪೈಸೆ' ಎಂದಿದೆ.

ಆ ನಾಲ್ಕಾಣೆ ಕೊಟ್ಟ ತಮಟೆಯವನ ಮನೆಯನ್ನು ಹುಡುಕಿಕೊಂಡು ಹೋದೆನು. ಹುಡುಕಲು ಐದು ನಿಮಿಷವೂ ಬೇಕಾಗಲಿಲ್ಲ, ಅರವತ್ತೈದು ವರ್ಷ ಹೋಗದೆ ಇದ್ದುದಷ್ಟೇ. ಅವನು ತೀರಿಕೊಂಡು ಬಹುಕಾಲವಾಗಿದ್ದಿತು. ಮೊಮ್ಮಗ ನನ್ನಲ್ಲಿಯೇ ಓದಿದವರ ಮಗನಂತೆ. ಕುರ್ಚಿ ತಂದು ಹಾಕಿ, ಕಾಫಿ ಕೊಡಿಸಿ, ನನ್ನ ದೀರ್ಘವಾದ ವೃತ್ತಾಂತವನ್ನು ಸಾವಧಾನವಾಗಿ ಕೇಳಿದನು. ತಾತನಿಗೆ ಕರ್ಣನ ಪದ್ಯಗಳೆಲ್ಲ ಬಾಯಿಗೆ ಬರುತ್ತಿದ್ದುವೆಂದು ಅವನಿಂದ ತಿಳಿಯಿತು. ಈ ಸಂಗತಿಯನ್ನು ಬರೆಯುತ್ತೇನೆ, ಹೆಸರನ್ನು ಅಚ್ಚು ಹಾಕಿಸಲೇ ಎಂದು ಕೇಳಿದೆನು. ಅವನು ಒಳಗಿದ್ದ ತಾಯಿಯ ಮುಖವನ್ನೊಮ್ಮೆ ನೋಡಿ, 'ಬ್ಯಾಡ ಬಿಡಿ ಮೇಷ್ಟ್ರೇ, ನಾಲ್ಕಾಣೆ ಮಾತು ಪೇಪರಿಗ್ಯಾಕೆ' ಎಂದನು.

ಪುಸ್ತಕದಲ್ಲಿ ಬರೆದಿದ್ದೇನೆ. ಊರು, ಹೆಸರು, ನಾಲ್ಕಾಣೆ, ಕರ್ಣನ ಪಾತ್ರಕ್ಕೆ.